ತಾಂಬರಂ ತಾತನ ಕಾಮೆಂಟು

ನಾನು ಮೊದಲು ಪ್ರೀತಿಸಿದ್ದು ನಂಜುಂಡನನ್ನಲ್ಲ, ನನ್ನ ವಿಡಿಯೋವನ್ನು. ಇದನ್ನು ಅವನ ಎದುರಿಗೇ ಹೇಳುತ್ತೇನೆ, ಅವನು ಬೇಜಾರು ಮಾಡಿಕೊಳ್ಳುವುದಿಲ್ಲ.

ಏಳೂವರೆ ನಿಮಿಷದ ವಿಡಿಯೋ. ಹೆಸರು ‘ಎಮ್ಡನ್ ಬಂದಾಗ ನಮ್ಮ ಮುತ್ತಜ್ಜಿ’. 2009ರ ಫೆಬ್ರವರಿಯಲ್ಲಿ ಅದನ್ನು ಯೂಟ್ಯೂಬಿಗೆ ಏರಿಸಲು ಒಂದಿಡೀ ಸಂಜೆ ಹಿಡಿಯಿತು. ನೂರು ಪರ್ಸೆಂಟ್ ಆಗುವವರೆಗೂ ನಾನು ಕಂಪ್ಯೂಟರಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆ, ಊಟಕ್ಕೆ ಕರೆದ ಅಮ್ಮನ ಮೇಲೆ ರೇಗಿದೆ.

ಕೀಲ್ಪಾಕಿನಲ್ಲಿ ನಮ್ಮದು ‘ರಘುರಾಮ ವಿಲಾಸ’ ಅಂತ ಒಂದು ಸಸ್ಯಾಹಾರಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಮೂಲ ಕುಂದಾಪುರದ ಕಡೆ. ಅಪ್ಪ ಕಮಲಾಕರ ಹೋಟೆಲು ನೋಡಿಕೊಳ್ಳುತ್ತಾರೆ, ಅಜ್ಜ ಸುಬ್ರಾಯರು ಅಪ್ಪನನ್ನು ನೋಡಿಕೊಳ್ಳುತ್ತಾರೆ. ನಾನು ಪ್ರೇರಣಾ, ಅಣ್ಣಾ ನಗರದ ಶಾಲೆಯೊಂದರಲ್ಲಿ ಹಿಸ್ಟರಿ ಟೀಚರ್. ಹೌದು, ಹಿಸ್ಟರಿ. ನಗಬೇಡಿ, ಮುಂದೆ ಕೇಳಿ.

ವಿಡಿಯೋದ ಕಥೆ ಇದು. 1914ರ ಸೆಪ್ಟೆಂಬರಿನ ಒಂದು ರಾತ್ರಿ ಜರ್ಮನಿಯ ಯುದ್ಧದ ಹಡಗು ಎಮ್ಡನ್ ಮದರಾಸಿನ ಬಂದರಿನ ಮೇಲೆ ಗುಂಡು ಹಾರಿಸಿತು. ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು, ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಇಷ್ಟು ಪುಸ್ತಕದಲ್ಲಿರುವುದು. ಇನ್ನು ನಮ್ಮ ಮನೆಯಲ್ಲಿರುವುದು. ಮುತ್ತಜ್ಜ ರಘುರಾಮರ ಹೋಟೆಲಿನ ಅಡುಗೆಯವರು, ಸಪ್ಲೈಯರುಗಳು ಎಲ್ಲರೂ ಹೆದರಿ ಊರಿಗೆ ಓಡಿದರು. ಹೋಟೆಲಿನವರ ಹೆಂಡತಿಯರು ಊರಲ್ಲೇ ಇರುವುದು ಆಗಿನ ಪದ್ಧತಿ, ಗಂಡ ವರ್ಷಕ್ಕೊಮ್ಮೆ ಹೋಗಿ ಬಂದರೆ ಅದೇ ದೊಡ್ಡದು. ಸುದ್ದಿ ಕೇಳಿದ ಮುತ್ತಜ್ಜಿ ಸರಸ ಮಾತ್ರ ಮಂಗಳೂರಿನಲ್ಲಿ ಒಬ್ಬಳೇ ಖಾಲಿ ರೈಲು ಹತ್ತಿದಳು. ಸೆಂಟ್ರಲ್ಲಿನಲ್ಲಿ ಇಳಿದು, ಎದುರಿನ ಪಾರ್ಕ್ ಸ್ಟೇಷನ್ನಿನಿಂದ ಕರೆಂಟ್ ರೈಲಿನಲ್ಲಿ ಚೇಟ್‌ಪಟ್‌ಗೆ ಬಂದು, ಅಲ್ಲಿಂದ ನಡೆದು, ಸೀದಾ ಅಡುಗೆಮನೆಗೆ ನುಗ್ಗಿ ಹೋಟೆಲು ಉಳಿಸಿದಳು.

ಎಂಥಾ ಕಥೆ! ಮುಂಬಯಿಯಿಂದ, ದುಬೈಯಿಂದ ಹೋಟೆಲಿನವರ ಮಕ್ಕಳೆಲ್ಲ ‘ಸೂಪರ್ ಅಕ್ಕಾ’ ಎಂದು ಬರೆದರು. ಅಜ್ಜ ದಿನಕ್ಕೆ ನಾಲ್ಕು ಸಲ ಮಹಡಿಗೆ ಬಂದು “ಇನ್ನೊಮ್ಮೆ ಹಾಕು ಮಗಾ” ಎನ್ನುತ್ತಿದ್ದರು. ಅವರ ಅಪ್ಪ ತೀರಿಕೊಂಡಾಗ ಅಜ್ಜನಿಗೆ ಹತ್ತು ವರ್ಷ. ಅಪ್ಪ ಅಮ್ಮ ಜೊತೆಯಾಗಿ ಇರುವ ನೆನಪೆಂದರೆ ಅವರಿಗೆ ಈ ಕಥೆಯೇ.

ಆಗ ಬಂತು ಆ ಕಾಮೆಂಟು.

“ವಿಡಿಯೋ ಚೆನ್ನಾಗಿದೆ ಮೇಡಂ. ಆದರೆ ಮದರಾಸಿನಲ್ಲಿ ಕರೆಂಟ್ ರೈಲು ಶುರುವಾದದ್ದು 1931ರಲ್ಲಿ. ಎಮ್ಡನ್ ಬಂದದ್ದು 1914. ನಿಮ್ಮ ಮುತ್ತಜ್ಜಿ ಪಾರ್ಕ್ ಸ್ಟೇಷನ್ನಿನಲ್ಲಿ ಹದಿನೇಳು ವರ್ಷ ಕಾದಿರಬೇಕು. ದಯವಿಟ್ಟು ಪರಿಶೀಲಿಸಿ. ನಂಜುಂಡ, ತಾಂಬರಂ.”

ನನಗೆ ಸಿಟ್ಟು ನೆತ್ತಿಗೇರಿತು. ಡಿಲೀಟ್ ಮಾಡಿದೆ. ಮರುದಿನ ಅದೇ ಕಾಮೆಂಟು, ಕೊನೆಯಲ್ಲೊಂದು ನಗುವ ಮುಖದ ಜೊತೆ ಹಾಜರ್. ಅದನ್ನೂ ಡಿಲೀಟ್ ಮಾಡಿದೆ. ಮೂರನೆಯ ದಿನ: “ಮೇಡಂ, ಡಿಲೀಟ್ ಮಾಡಿದರೂ 1931, 1931ಆಗಿಯೇ ಇರುತ್ತದೆ.”

ಈ ಕಾಲದಲ್ಲಿ ನಂಜುಂಡ ಅಂತ ಹೆಸರಿದ್ದವನಿಗೆ ಕಮ್ಮಿಯೆಂದರೆ ಅರವತ್ತೈದು ವರ್ಷ ಎಂದು ನಾನು ತೀರ್ಮಾನಿಸಿದೆ. ರಿಟೈರಾದ ಮುದುಕ, ತಲೆಗೆ ಮಂಕಿ ಕ್ಯಾಪು, ಬೆಳಿಗ್ಗೆಯಿಂದ ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿದೆ, ಕೂದಲು ಸರಿ ಮಾಡಿಕೊಂಡೆ, ಒಂದು ರಿಪ್ಲೈ ವಿಡಿಯೋ ಮಾಡಿಯೇಬಿಟ್ಟೆ.

“ತಾಂಬರಂ ತಾತಾ, ಇವತ್ತು ಬಿ.ಪಿ. ಮಾತ್ರೆ ತಗೊಂಡ್ರಾ? ನಮ್ಮ ಮುತ್ತಜ್ಜಿ ಹೇಗೆ ಬಂದ್ರು ಅಂತ ನಮಗೆ ಗೊತ್ತುಂಟು, ನೀವು ಎಂತದು ಟಿಕೆಟ್ ಕಲೆಕ್ಟರಾ? ಧೈರ್ಯ ಉಂಟಾದ್ರೆ ನಮ್ಮ ಹೋಟೆಲಿಗೆ ಬನ್ನಿ. ನಿಮ್ಮ ವಯಸ್ಸಿಗೆ ತಕ್ಕ ಹಾಗೆ ಸಕ್ಕರೆ ಹಾಕದ ಕಾಫಿ ಫ್ರೀಯಾಗಿ ಕೊಡ್ತೇನೆ!”

ಅಯ್ಯೋ, ಆ ವಿಡಿಯೋ ಓಡಿತಲ್ಲ! ಮುತ್ತಜ್ಜಿಯದಕ್ಕಿಂತ ನಾಲ್ಕು ಪಟ್ಟು ಜನ ನೋಡಿದರು. ನನ್ನ ಕ್ಲಾಸಿನ ಹುಡುಗಿಯರು ಕಾರಿಡಾರಿನಲ್ಲಿ “ಮಿಸ್, ತಾಂಬರಂ ತಾತಾ ವಂದಾರಾ?” ಎಂದು ಕೇಳತೊಡಗಿದರು. ನಾನು ರಾಣಿಯ ಹಾಗೆ ನಡೆಯುತ್ತಿದ್ದೆ.

ಮುಂದಿನ ಭಾನುವಾರ ಅಪ್ಪ ತರಕಾರಿಗೆಂದು ಕೋಯಂಬೇಡಿಗೆ ಹೋಗಿದ್ದರು, ಕ್ಯಾಷ್ ಕೌಂಟರಿನಲ್ಲಿ ನಾನಿದ್ದೆ. ಎದುರಿನ ಟೇಬಲ್ಲಿಗೆ ಒಬ್ಬ ಹುಡುಗ ಬಂದು ಕೂತ. ಎತ್ತರದ ಆಳು, ತಿಳಿನೀಲಿ ಷರ್ಟು, ತೋಳು ಮೊಣಕೈವರೆಗೆ ಮಡಚಿದ್ದು. ಕಣ್ಣಿನ ರೆಪ್ಪೆ ಹೆಣ್ಣುಮಕ್ಕಳು ಹೊಟ್ಟೆಕಿಚ್ಚು ಪಡುವಷ್ಟು ಉದ್ದ. ನಾನು ಚಿಲ್ಲರೆ ಎಣಿಸುವ ನೆಪದಲ್ಲಿ ಇದೆಲ್ಲ ನೋಡಿದೆ. ಅವನೂ ಮೆನು ಓದುವ ನೆಪದಲ್ಲಿ ನನ್ನನ್ನು ನೋಡಿದ. ಮೆನು ತಲೆಕೆಳಗಾಗಿತ್ತು.

ಸಪ್ಲೈಯರ್ ಹೋಗಿ ಏನು ಬೇಕೆಂದು ಕೇಳಿದ. ಹುಡುಗ ಗಂಟಲು ಸರಿಮಾಡಿಕೊಂಡು, ಇಡೀ ಹೋಟೆಲಿಗೆ ಕೇಳುವ ಹಾಗೆ, “ಒರು ಕಾಫಿ. ಸಕ್ಕರೈ ಇಲ್ಲಾಮೆ” ಎಂದ. ನಂತರ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಫ್ರೀ ಅಂತ ಹೇಳಿದ್ರು, ವಿಡಿಯೋದಲ್ಲಿ” ಎಂದ.

ನನ್ನ ಕೈಯಲ್ಲಿದ್ದ ಚಿಲ್ಲರೆ ಪೂರ್ತಿ ನೆಲಕ್ಕೆ ಬಿತ್ತು.

“ನೀವು... ತಾತ?”

“ಇಪ್ಪತ್ತೇಳು ನಡೀತಾ ಇದೆ. ಆದ್ರೆ ಮನೇಲಿ ನಮ್ಮಮ್ಮ ಈಗ ತಾತ ಅಂತಾನೇ ಕರೀತಾರೆ. ನಿಮ್ಮ ವಿಡಿಯೋ ನೋಡಿ ಬಿದ್ದು ಬಿದ್ದು ನಕ್ರು ಕಣ್ರೀ.”

ನನ್ನ ಮುಖ ಎಷ್ಟು ಕೆಂಪಾಗಿತ್ತೋ ದೇವರಿಗೇ ಗೊತ್ತು. ಆದರೆ ಸೋಲುವ ಜಾತಿ ನನ್ನದಲ್ಲ. “ಹೆಸರು ಆ ಥರ ಇಟ್ಕೊಂಡ್ರೆ ಜನ ಎಂತ ಅಂದ್ಕೊಳ್ಬೇಕು?” ಎಂದೆ.

“ನಂಜನಗೂಡಿಗೆ ಹರಕೆ ಹೊತ್ತು ಹುಟ್ಟಿದ್ದು. ನನ್ನ ಕೇಳಿ ಇಡಲಿಲ್ಲ.”

ಅವರ ತಾತ, ಅಪ್ಪ, ಅವನು, ಮೂರು ತಲೆಮಾರು ರೈಲ್ವೆಯಂತೆ. ಮೈಸೂರು ಕಡೆಯವರು, ತಾಂಬರಂನಲ್ಲಿ ನೆಲೆಸಿ ಎಷ್ಟೋ ಕಾಲವಾಗಿದೆ. ಅವನು ಅಲ್ಲಿನ ಕಾರ್ ಶೆಡ್ಡಿನಲ್ಲಿ ಇಂಜಿನಿಯರ್, ಅಂದರೆ ಕರೆಂಟ್ ರೈಲುಗಳನ್ನು ರಿಪೇರಿ ಮಾಡುವ ಜಾಗದಲ್ಲಿ. ಕರೆಂಟ್ ರೈಲಿನ ವಿಷಯದಲ್ಲಿ ಹೋಗಿ ಹೋಗಿ ಅವನ ಹತ್ತಿರ ಸಿಕ್ಕಿಬಿದ್ದಿದ್ದೆ. ಸಕ್ಕರೆಯಿಲ್ಲದ ಕಾಫಿಯನ್ನು ಅವನು ಒಂದು ಹನಿಯೂ ಬಿಡದೆ ಕುಡಿದ, ಕುಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

“ಒಂದು ಪ್ರಶ್ನೆ ಕೇಳ್ಲಾ? ಸಿಟ್ಟು ಮಾಡ್ಕೋಬಾರ್ದು.”

“ಸಿಟ್ಟು ಬಂದ್ರೆ ಬರ್ತದೆ. ಕೇಳಿ.”

“ನಿಮ್ಮ ಅಜ್ಜನಿಗೆ ಎಷ್ಟು ವರ್ಷ?”

“ಅರವತ್ತಾರು. ಯಾಕೆ?”

ಅವನು ಸುಮ್ಮನೆ ನನ್ನನ್ನೇ ನೋಡುತ್ತಾ ಕೂತ. ತುಟಿಯಂಚಿನಲ್ಲಿ ನಗು ಬರುತ್ತಿತ್ತು, ಅದನ್ನು ತಡೆಯುತ್ತಿದ್ದ. ಸಾವಿರದ ಒಂಬೈನೂರ ಹದಿನಾಲ್ಕರಲ್ಲಿ ಮುತ್ತಜ್ಜಿ ಹೋಟೆಲು ನಡೆಸುವ ಹೆಂಗಸು. ಅವಳ ಒಬ್ಬನೇ ಮಗ, ನಮ್ಮ ಅಜ್ಜ, ಹುಟ್ಟಿದ್ದು ನಲವತ್ತಮೂರರಲ್ಲಿ! ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಇದನ್ನು ಕೂಡಿಸಿ ಕಳೆದಿರಲಿಲ್ಲ. ನಾವು ಹೋಟೆಲಿನವರು, ಇಡ್ಲಿ ಲೆಕ್ಕ ಹಾಕುತ್ತೇವೆ, ಇಸವಿಯ ಲೆಕ್ಕ ಯಾರಿಗೆ ಬೇಕು?

“ಹಾಗಾದ್ರೆ ಯಾವಾಗ ಮತ್ತೆ?” ನನ್ನ ಧ್ವನಿ ಸಣ್ಣದಾಗಿತ್ತು.

“1942, ಏಪ್ರಿಲ್. ಜಪಾನಿನವರು ಬರ್ತಾರೆ ಅಂತ ಸುದ್ದಿ ಹಬ್ಬಿ ಇಡೀ ಮದರಾಸು ಖಾಲಿಯಾಯ್ತು. ಸರ್ಕಾರಾನೇ ಹೊರಡಿ ಅಂತು. ಹೋಗೋ ರೈಲಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ಬರೋ ರೈಲು ಖಾಲಿ. ಆ ಸಲ ಬಾಂಬೇನೂ ಬೀಳಲಿಲ್ಲ. ಹಳಬರು ಎರಡು ಭಯಾನೂ ಸೇರಿಸಿ ಒಂದೇ ಕಥೆ ಮಾಡಿರ್ತಾರೆ. ಎಮ್ಡನ್ ಅಂದ್ರೆ ಕೇಳೋಕೂ ಜೋರಾಗಿರತ್ತಲ್ಲ.”

ಅಷ್ಟರಲ್ಲಿ ಅಜ್ಜ ಮಹಡಿ ಇಳಿದು ಬಂದರು. ಕನ್ನಡದ ಹುಡುಗ ಎಂದು ತಿಳಿದದ್ದೇ ತಡ, ಪಕ್ಕದಲ್ಲಿ ಕೂತು ಕಥೆ ಶುರು ಮಾಡಿಬಿಟ್ಟರು. ಎಮ್ಡನ್ ಹಡಗಿನ ಗುಂಡಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. “ನನ್ನ ಅಮ್ಮ ರೈಲಲ್ಲಿ ಕಾಲು ಚಾಚಿ ಮಲಗಿ ಬಂದಳಂತೆ ಮಾರಾಯ! ಮಹಾರಾಣಿ ಹಾಗೆ!”

ನಾನು ಕೌಂಟರಿನಲ್ಲಿ ಉಸಿರು ಹಿಡಿದು ನಿಂತಿದ್ದೆ. ಈಗ ಬಾಯಿ ಬಿಡುತ್ತಾನೆ, ಇನ್ನೇನು ಬಿಟ್ಟ ಅಂತ. ನಂಜುಂಡ ಕೆನ್ನೆಗೆ ಕೈಯಿಟ್ಟು, ಮಕ್ಕಳ ಹಾಗೆ, “ಆಮೇಲೆ?” “ಆಮೇಲೆ?” ಎಂದು ಕೇಳುತ್ತಲೇ ಹೋದ. ಒಂದೇ ಒಂದು ಇಸವಿಯನ್ನೂ ಬಾಯಿಂದ ತೆಗೆಯಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಕೇಳಿದೆ. “ಅಜ್ಜನಿಗೆ ಯಾಕೆ ಹೇಳ್ಲಿಲ್ಲ?”

“ಯೂಟ್ಯೂಬಿಗೆ ಹಾಕಿದವರು ನೀವು, ನಿಮಗೆ ಹೇಳ್ದೆ. ಅವರು ಅಷ್ಟು ಖುಷಿಯಾಗಿ ಹೇಳ್ತಾ ಇದ್ದಾಗ ಹೊರಗಿನವನು ನಾನು ಮಧ್ಯೆ ಬಾಯಿ ಹಾಕೋದಾ?”

ಅವನು ರಸ್ತೆ ದಾಟಿ ಹೋಗುವುದನ್ನು ನೋಡುತ್ತಾ ನಿಂತೆ. ನನ್ನ ಎದೆ ಡವಗುಟ್ಟುತ್ತಿತ್ತು, ಸಿಟ್ಟಿಗೆ ಅಂತ ನನಗೆ ನಾನೇ ಹೇಳಿಕೊಂಡೆ.

ಅದಾದ ಮೇಲೆ ಭಾನುವಾರಗಳು ಬೇಗ ಬರಲಿ ಎನಿಸತೊಡಗಿತು. ಮುಂದಿನ ವಿಡಿಯೋದಲ್ಲಿ ತಪ್ಪಾಗಬಾರದು ನೋಡಿ, ಸ್ಕ್ರಿಪ್ಟನ್ನು ಒಬ್ಬರು ನೋಡಬೇಕಲ್ಲ! ನಾನು ಫೋನ್ ಮಾಡುತ್ತಿದ್ದೆ, ಅವನು ತಾಂಬರಂನಿಂದ ಬರುತ್ತಿದ್ದ. ಮೂಲೆಯ ಟೇಬಲ್ಲು, ಎರಡು ಕಾಫಿ, ಈಗ ಸಕ್ಕರೆ ಹಾಕಿದ್ದು. ತಪ್ಪು ಕಂಡರೆ ಅವನು ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಒಂದು ಗುಟುಕು ನೀರು ಕುಡಿಯುತ್ತಿದ್ದ, ಪೆನ್ಸಿಲಿನ ತುದಿಯಿಂದ ಆ ಸಾಲನ್ನು ಮೆಲ್ಲಗೆ ಮುಟ್ಟುತ್ತಿದ್ದ. ಆಮೇಲೆ ಕಣ್ಣೆತ್ತಿ ನೋಡುತ್ತಿದ್ದ. ಆ ನೋಟಕ್ಕಾಗಿ ನಾನು ಏನು ಮಾಡಿದೆ ಗೊತ್ತಾ? ಬೇಕಂತಲೇ ತಪ್ಪು ಬರೆಯಲು ಶುರು ಮಾಡಿದೆ!

“ಅಣ್ಣಾ ನಗರದ ಟವರ್ ಕಟ್ಟಿದ್ದು 1868?” ಒಂದು ಭಾನುವಾರ ಅವನು ಹುಬ್ಬೇರಿಸಿದ.

“ಅಲ್ವಾ ಹಾಗಾದ್ರೆ?” ನಾನು ಸೆರಗಿನಂತೆ ದುಪಟ್ಟಾ ಎಳೆದುಕೊಂಡು ಮುಗ್ಧೆಯಾದೆ.

“1968. ಆ ಟವರಿನ ಪಕ್ಕದಲ್ಲೇ ನಿಮ್ಮ ಸ್ಕೂಲು. ದಿನಾ ನೋಡ್ತೀರಿ.”

“ನಾನು ಪಾಠ ಮಾಡ್ಲಿಕ್ಕೆ ಹೋಗುವುದು ಮಾರಾಯ್ರೆ, ಟವರ್ ನೋಡ್ಲಿಕ್ಕಲ್ಲ.”

“ಹೇಳ್ಲಿಕ್ಕೆ, ಮಾಡ್ಲಿಕ್ಕೆ, ನೋಡ್ಲಿಕ್ಕೆ,” ಎಂದು ನನ್ನ ಧಾಟಿಯಲ್ಲೇ ಹೇಳಿ ನಕ್ಕ. “ನಿಮ್ಮ ಈ ಲಿಕ್ಕೆ ಕೇಳ್ತಾ ಇದ್ರೆ ದಿನಾ ಕೇಳ್ತಾನೇ ಇರೋಣ ಅನ್ಸತ್ತೆ ಕಣ್ರೀ.”

ಹಾಗೆ ಹೇಳಿ ಅವನು ತಾನೇ ಗಾಬರಿಯಾಗಿ, ಸ್ಕ್ರಿಪ್ಟಿನೊಳಗೆ ಮುಖ ಮುಚ್ಚಿಕೊಂಡ. ಕಿವಿ ಮಾತ್ರ ಹೊರಗಿತ್ತು, ಕೆಂಪಗೆ. ನಾನು ಆ ರಾತ್ರಿ ಕನ್ನಡಿಯ ಮುಂದೆ ನಿಂತು ‘ಲಿಕ್ಕೆ’ ಎಂದು ಹೇಳಿ ನೋಡಿಕೊಂಡೆ. ಹುಚ್ಚಿ ಅಂದರೆ ಅನ್ನಿ.

ಇಷ್ಟರಲ್ಲಿ ಅಪ್ಪ ಒಂದು ಬಾಂಬು ಹಾಕಿದರು. ನನ್ನ ವಿಡಿಯೋ ನೋಡಿ ಹುಮ್ಮಸ್ಸು ಬಂದು, ಹೋಟೆಲಿನ ತೊಂಬತ್ತೈದನೇ ವರ್ಷದ ಸಮಾರಂಭ ಇಟ್ಟುಬಿಟ್ಟಿದ್ದರು! ಏಪ್ರಿಲ್ ಕೊನೆಯ ಭಾನುವಾರ. ಕುಂದಾಪುರ, ಮುಂಬಯಿ ಎಲ್ಲ ಕಡೆಯಿಂದ ನೆಂಟರು. ದೊಡ್ಡ ಪರದೆಯ ಮೇಲೆ ನನ್ನ ವಿಡಿಯೋ, ಅದಾದ ಮೇಲೆ ಅಜ್ಜನ ಭಾಷಣ. ‘1914ರಿಂದ’ ಎಂದು ಹೊಸ ಬೋರ್ಡಿಗೆ ಬಣ್ಣ ಕೂಡ ಹಚ್ಚಿಸಿದ್ದಾಗಿತ್ತು.

ಆ ಸಂಜೆ ಚೇಟ್‌ಪಟ್ ಸ್ಟೇಷನ್ನಿನ ಬೆಂಚಿನ ಮೇಲೆ ನಂಜುಂಡನಿಗೆ ಹೇಳಿದೆ.

“ಅದಕ್ಕೆ ಮುಂಚೆ ಅಜ್ಜನಿಗೆ ಹೇಳ್ಬಿಡಿ,” ಎಂದ.

“ಹೇಳುವುದಿಲ್ಲ.”

“ಪ್ರೇರಣಾ, ಅಷ್ಟು ಜನದ ಎದುರಿಗೆ ಯಾರಾದ್ರೂ ಎದ್ದು ಅಜ್ಜನ ವಯಸ್ಸೆಷ್ಟು ಅಂತ ಕೇಳಿದ್ರೆ? ಅವತ್ತು ಅವರ ಮುಖ ಹೇಗಾಗತ್ತೆ?”

“ಯಾರೂ ಕೇಳುವುದಿಲ್ಲ. ಎಲ್ಲರೂ ನಿಮ್ಮ ಹಾಗೆ ಇಸವಿ ಹಿಡ್ಕೊಂಡು ತಿರುಗುವುದಿಲ್ಲ.” ನಾನು ಬೆಂಚಿನಿಂದ ಎದ್ದು ನಿಂತೆ. “ಅಜ್ಜನಿಗೆ ಅಪ್ಪ ಅಮ್ಮ ಅಂತ ಇರುವುದು ಆ ಕಥೆ ಒಂದೇ. ಅದು ಸುಳ್ಳು ಅಂತ ಹೇಳಿ ನಾನು ಅದನ್ನು ಕಿತ್ಕೊಳ್ಬೇಕಾ? ಅವರು ಕುಸಿದ್ರೆ? ನಿಮಗೆ ಮನುಷ್ಯರಿಗಿಂತ ರೈಲೇ ಹೆಚ್ಚು!”

ಅವನೂ ಎದ್ದ. “ನಿಮ್ಮ ಅಜ್ಜ ಅಂದ್ರೆ ನನಗೂ ಇಷ್ಟ. ಅದಕ್ಕೇ ನಾನು ಆ ದಿನ ಬರಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವರ ಎದುರು ನಿಂತು ಚಪ್ಪಾಳೆ ತಟ್ಟೋಕೆ ನನ್ನ ಕೈಲಾಗಲ್ಲ.”

“ಬರ್ಬೇಡಿ. ಇನ್ನು ಯಾವತ್ತೂ ಬರ್ಬೇಡಿ.”

ರೈಲು ಬಂತು. ಅವನು ಹತ್ತಿದ. ಕಿಟಕಿಯಿಂದ ನೋಡುತ್ತಾನೆ ಅಂತ ಕಾದೆ. ನೋಡಿದ, ನಾನೇ ಮುಖ ತಿರುಗಿಸಿಕೊಂಡೆ. ಕೊಬ್ಬು ಅಂದರೆ ಇದೇ ಅಲ್ಲವಾ?

ಭಾನುವಾರ ಬಂತು, ಅವನು ಬರಲಿಲ್ಲ. ಇನ್ನೊಂದು ಭಾನುವಾರವೂ ಹೋಯಿತು. ನಾನು ಮದರಾಸಿನ ಟ್ರಾಮುಗಳ ಬಗ್ಗೆ ಒಂದು ವಿಡಿಯೋ ಹಾಕಿ, ಟ್ರಾಮು ನಿಂತದ್ದು 1983ರಲ್ಲಿ ಅಂತ ಬಾಯಿ ತುಂಬ ಸುಳ್ಳು ಹೇಳಿದೆ. ನಿಂತದ್ದು ಐವತ್ತಮೂರರಲ್ಲಿ, ಚೆನ್ನೈನ ಚಿಕ್ಕ ಮಕ್ಕಳಿಗೂ ಗೊತ್ತು. ಕಾಮೆಂಟುಗಳ ಮಳೆ ಸುರಿಯಿತು. ಮೈಲಾಪುರದಿಂದ ಬೈದರು, ಸಿಂಗಪುರದಿಂದ ಬೈದರು. ನಾನು ಒಂದೊಂದೇ ಹೆಸರು ನೋಡುತ್ತಾ ಕೆಳಗೆ ಹೋದೆ. ಯಾರ್ಯಾರೋ ತಿದ್ದಿದ್ದರು, ಅವನು ತಿದ್ದಿರಲಿಲ್ಲ. ನಾನು ಕಂಪ್ಯೂಟರಿನ ಮುಂದೆ ತಲೆಯಿಟ್ಟು ಗೊಳೋ ಅಂತ ಅತ್ತೆ.

ಸಮಾರಂಭದ ಹಿಂದಿನ ದಿನ ಶನಿವಾರ, ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ಅಜ್ಜ ಮಹಡಿಯಲ್ಲಿ ಇಸ್ತ್ರಿ ಮಾಡಿದ ಪಂಚೆ ಉಟ್ಟು ಭಾಷಣ ಪ್ರಾಕ್ಟೀಸ್ ಮಾಡುತ್ತಿದ್ದರು. ನನ್ನನ್ನು ನೋಡಿ, “ಬಾ ಮಗಾ. ರೈಲು ಹತ್ತುವಾಗ ಅಮ್ಮನಿಗೆ ಎಷ್ಟು ವಯಸ್ಸು ಅಂತ ಹೇಳ್ಲಿ? ಯಾರಾದ್ರೂ ಕೇಳಿಯಾರು” ಎಂದರು.

ಒಂದು ಸಂಖ್ಯೆ ಹೇಳಿದರೆ ಮುಗಿಯುತ್ತಿತ್ತು. ಇಪ್ಪತ್ತು ಅಂದರೆ ಅಜ್ಜ ಇಪ್ಪತ್ತು ಅನ್ನುತ್ತಿದ್ದರು. ಅವರು ಅಷ್ಟು ನಂಬಿಕೆಯಿಂದ ನನ್ನ ಮುಖ ನೋಡುತ್ತಿದ್ದರು, ನನ್ನ ಬಾಯಿಂದ ಆ ಸುಳ್ಳು ಹೊರಡಲೇ ಇಲ್ಲ.

“ಅಜ್ಜಾ, ನಿಮ್ಮ ಅಮ್ಮ ತೀರಿಕೊಂಡದ್ದು ಯಾವಾಗ?”

“ಎಂಬತ್ತೆರಡರಲ್ಲಿ. ಅರವತ್ತು ತುಂಬಿತ್ತು ಅಷ್ಟೇ, ಪಾಪ...” ಅಜ್ಜ ಅಲ್ಲಿಗೆ ನಿಂತರು. ತುಟಿ ಅಲ್ಲಾಡಿತು. “ಎಂಬತ್ತೆರಡರಲ್ಲಿ ಅರವತ್ತು ಕಳೆದ್ರೆ... ಎಂಥ ಮಾರಾಯ್ತಿ ಇದು! ಹದಿನಾಲ್ಕರಲ್ಲಿ ಅಮ್ಮ ಹುಟ್ಟಿಯೇ ಇರ್ಲಿಲ್ಲ!”

ಅವರು ಮಂಚದ ಮೇಲೆ ಕುಸಿದು ಕೂತರು. ನಾನು ನೆಲದ ಮೇಲೆ ಕೂತು ಅವರ ಕಾಲು ಹಿಡಿದುಕೊಂಡೆ.

“ಹಾಗಾದ್ರೆ ಎಲ್ಲ ಸುಳ್ಳಾ? ಅಮ್ಮ ಬರಲೇ ಇಲ್ವಾ?”

“ಬಂದದ್ದು ನಿಜ ಅಜ್ಜಾ. ವರ್ಷ ಮಾತ್ರ ಬೇರೆ.” ನಂಜುಂಡ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಜಪಾನಿನ ಸುದ್ದಿ, ಖಾಲಿಯಾದ ಊರು, ಖಾಲಿ ಬಂದ ರೈಲು, ಪಾರ್ಕ್ ಸ್ಟೇಷನ್ನಿನ ಕರೆಂಟ್ ಗಾಡಿ. ನಲವತ್ತೆರಡರ ಏಪ್ರಿಲ್. ಆಗ ಅವಳಿಗೆ ಇಪ್ಪತ್ತು.

ಅಜ್ಜ ಕಿಟಕಿಯ ಕಡೆ ತಿರುಗಿದರು. ಮತ್ತೆ ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಮುಟ್ಟುತ್ತಾ, “ಏಪ್ರಿಲ್... ಮೇ, ಜೂನ್, ಜುಲೈ...” ಎಂದು ಎಣಿಸತೊಡಗಿದರು. ಡಿಸೆಂಬರ್ ದಾಟಿ ಜನವರಿಗೆ ಬಂದವರು ಸಟಕ್ಕನೆ ನಿಂತು ನನ್ನ ಮುಖ ನೋಡಿದರು. ಅವರು ಹುಟ್ಟಿದ್ದು ನಲವತ್ತಮೂರರ ಜನವರಿ, ಸಂಕ್ರಾಂತಿ ಕಳೆದ ಮೇಲೆ.

ಅರವತ್ತಾರು ವರ್ಷದ ನನ್ನ ಅಜ್ಜ ನಾಚಿಕೊಂಡರು! ದೇವರಾಣೆ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಭುಜ ಕುಣಿಸಿ ಕುಣಿಸಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು.

“ಇನ್ನೊಂದು ವಿಷಯ ಹೇಳ್ತೇನೆ ಕೇಳು,” ಎಂದರು ಮೂಗು ಒರೆಸುತ್ತಾ. “ಅಮ್ಮನಿಗೆ ಅಡುಗೆ ಬರ್ತಿರ್ಲಿಲ್ಲ.”

“ಎಂತದು?”

“ಒಂದು ಸಾರು ನೆಟ್ಟಗೆ ಬರ್ತಿರ್ಲಿಲ್ಲ ಮಾರಾಯ್ತಿ! ನಾನು ದೊಡ್ಡವನಾಗುವವರೆಗೂ ಕೆಳಗಿನ ಭಟ್ಟರ ಅಡುಗೆ ತಿಂದೇ ಬೆಳೆದದ್ದು. ಅವಳು ಒಗ್ಗರಣೆ ಹಾಕಿದ್ರೆ ಹೋಟೆಲಿನ ಗಿರಾಕಿಗಳು ಕೆಮ್ಮುತ್ತಿದ್ರು. ಅವಳು ಬಂದು ಹೋಟೆಲು ಹೇಗೆ ಉಳಿಸಿದಳು ಅಂತ ನನಗೆ ಒಳಗೊಳಗೇ ಡೌಟು. ಹೊರಗೆ ಹೇಳ್ಲಿಕ್ಕುಂಟಾ?”

“ಹಾಗಾದ್ರೆ ಯಾಕೆ ಬಂದ್ರು?”

“ಅಡುಗೆಗೆ ಜನ ಇಲ್ಲ, ನಾನು ಹೋಗ್ತೇನೆ ಅಂತ ಹೇಳಿರ್ತಾಳೆ. ಬೇರೆ ಎಂತ ಹೇಳಿದ್ರೆ ಅತ್ತೆ ಬಿಡ್ತಿದ್ರು? ಗಂಡನ ಜೊತೆ ಇರ್ಬೇಕು ಅಂತ ಬಾಯಿಬಿಟ್ಟು ಹೇಳುವ ಕಾಲವಾ ಅದು?” ಅಜ್ಜ ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ಅಪ್ಪನಿಗೋಸ್ಕರ ಬಂದಳು ನನ್ನ ಅಮ್ಮ. ಊರಿಗೆ ಊರೇ ಓಡಿಹೋಗುವಾಗ, ಅವನು ಒಬ್ಬನೇ ಇದ್ದಾನೆ ಅಂತ ಬಂದಳು. ಹೋಟೆಲಿಗಲ್ಲ.”

ಆಮೇಲೆ ಎದ್ದು ನಿಂತು ಪಂಚೆ ಕೊಡವಿದರು. “ಇದು ಆ ಕಥೆಗಿಂತ ಚೆಂದ ಉಂಟಲ್ಲ! ವಿಡಿಯೋ ಮತ್ತೊಮ್ಮೆ ತೆಗಿ. ಇವತ್ತೇ. ಆ ರೈಲಿನ ಹುಡುಗನಿಗೆ ಬರ್ಲಿಕ್ಕೆ ಹೇಳು.”

ಕೆಳಗೆ ಅಪ್ಪ ತಲೆ ಮೇಲೆ ಕೈಹೊತ್ತರು. “ಬೋರ್ಡಿಗೆ ಪೇಂಟ್ ಆಗಿದೆಯಲ್ಲ ಅಪ್ಪಾ! ಅರವತ್ತೇಳನೇ ವರ್ಷ ಅಂತ ಯಾರಾದ್ರೂ ಫಂಕ್ಷನ್ ಮಾಡ್ತಾರಾ?”

“ನಾವು ಮಾಡ್ತೇವೆ. ಹೋಟೆಲು ಯಾವಾಗ ಶುರುವಾಯ್ತೋ ಯಾರಿಗೆ ಗೊತ್ತು. ಮನೆ ಶುರುವಾದದ್ದು ನಲವತ್ತೆರಡರಲ್ಲಿ. ಒರೆಸಿ ಬರ್ಸು,” ಎಂದರು ಅಜ್ಜ. ಅಪ್ಪ ಪೇಂಟರನ್ನು ಹುಡುಕಿಕೊಂಡು ಹೊರಟರು.

ನಾನು ನಂಜುಂಡನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

“ಅಜ್ಜನಿಗೆ ಹೇಳಿದೆ,” ಎಂದೆ.

“ಹೇಗಿದ್ದಾರೆ?” ಅವನ ಮೊದಲ ಮಾತು ಅದು. ‘ನಾನು ಹೇಳಿದ್ದೇ ಸರಿ, ನೋಡಿದ್ರಾ’ ಎಂಬಂಥದ್ದು ಯಾವುದೂ ಅವನ ಬಾಯಲ್ಲಿ ಬರಲಿಲ್ಲ.

“ನಗ್ತಾ ಇದ್ದಾರೆ. ವಿಡಿಯೋ ಮತ್ತೆ ತೆಗೀಬೇಕಂತೆ. ನೀವು ಬರ್ಬೇಕಂತೆ.”

“ಅಂತೆ?”

“ಬನ್ನಿ ನಂಜುಂಡ,” ಎಂದೆ. ಅಷ್ಟು ಮೆಲ್ಲಗೆ ನಾನು ಜೀವಮಾನದಲ್ಲಿ ಮಾತಾಡಿರಲಿಲ್ಲ.

ಅವನು ಬರುವಾಗ ಸಂಜೆಯ ತಿಂಡಿಗೆ ಇನ್ನೂ ಹೊತ್ತಿತ್ತು, ಟೇಬಲ್ಲುಗಳ ಹತ್ತಿರ ಒಂದು ನರಪಿಳ್ಳೆ ಇರಲಿಲ್ಲ. ಷರ್ಟಿನ ತೋಳಿಗೆ ಗ್ರೀಸ್ ಮೆತ್ತಿತ್ತು, ಶೆಡ್ಡಿನಿಂದ ಹಾಗೇ ಓಡಿಬಂದಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಕ್ಯಾಮೆರಾ ಅವನು ಹಿಡಿದ. ಅಜ್ಜ ಖಾಲಿ ಟೇಬಲ್ಲಿನ ಮುಂದೆ ಕೂತು ಅಮ್ಮನ ಕಥೆಯನ್ನು ಮೊದಲಿನಿಂದ ಹೇಳಿದರು. ಸಾರಿನ ವಿಷಯ ಹೇಳಿದರು, ಅತ್ತೆಯ ವಿಷಯ ಹೇಳಿದರು, ತಿಂಗಳು ಎಣಿಸಿದ ವಿಷಯವನ್ನೂ ಬಿಡಲಿಲ್ಲ. ಮುಗಿಸಿದವರೇ “ನನಗೆ ನಿದ್ದೆ ಬರ್ತದೆ” ಎಂದು ನಂಜುಂಡನ ಬೆನ್ನು ತಟ್ಟಿ ಮಹಡಿ ಹತ್ತಿದರು. ಮಧ್ಯಾಹ್ನ ಮಲಗುವ ಅಭ್ಯಾಸ ಅಜ್ಜನಿಗೆ ಯಾವತ್ತೂ ಇರಲಿಲ್ಲ.

ಇನ್ನು ನನ್ನ ಕೊನೆಯ ಮಾತು ಬಾಕಿ. ಅಜ್ಜ ಕೂತಿದ್ದ ಕುರ್ಚಿಯಲ್ಲಿ ಕೂತೆ. ಕ್ಯಾಮೆರಾದ ಕೆಂಪು ದೀಪ ಹತ್ತಿತು.

“ಹಿಂದಿನ ವಿಡಿಯೋದಲ್ಲಿ ಎರಡು ತಪ್ಪಿತ್ತು,” ಎಂದೆ. “ವರ್ಷ ತಪ್ಪು. ಅದನ್ನು ತಿದ್ದಿದವರು ತಾಂಬರಂನ ನಂಜುಂಡ. ಅವರು ತಾತ ಅಲ್ಲ. ಕಾರಣವೂ ತಪ್ಪು. ಅದನ್ನು ತಿದ್ದಿದವರು ನಮ್ಮ ಅಜ್ಜ. ಸರಸಜ್ಜಿ ಮದರಾಸಿಗೆ ಬಂದದ್ದು ಅಡುಗೆ ಮಾಡ್ಲಿಕ್ಕಲ್ಲ, ಗಂಡನ ಜೊತೆ ಇರ್ಲಿಕ್ಕೆ.”

“ಚೆನ್ನಾಗಿ ಬಂತು,” ಎಂದ ನಂಜುಂಡ ಕ್ಯಾಮೆರಾದ ಹಿಂದಿನಿಂದ. “ಆಫ್ ಮಾಡ್ಲಾ?”

“ಬೇಡ.” ನಾನು ತಲೆಯಾಡಿಸಿದೆ. ಮುತ್ತಜ್ಜಿಯ ಕಾಲದಲ್ಲಿ ಹೇಳುವಂತಿರಲಿಲ್ಲ, ಸರಿ. ನನಗೇನು ಬಂದಿದೆ ಧಾಡಿ? “ಇನ್ನೊಂದು ಉಂಟು. ಪ್ರತಿ ಭಾನುವಾರ ನಾನು ನಿಮ್ಮನ್ನು ಕರೆದದ್ದು ಸ್ಕ್ರಿಪ್ಟ್ ನೋಡ್ಲಿಕ್ಕಲ್ಲ. ನಿಮ್ಮನ್ನು ನೋಡ್ಲಿಕ್ಕೆ. ನೀವು ಬರದಿದ್ರೆ ನನಗೆ ಆಗುವುದಿಲ್ಲ ನಂಜುಂಡ. ನನಗೆ ನೀವು ಬೇಕು.”

ಅವನು ಗಂಟಲು ಸರಿಮಾಡಿಕೊಂಡ. ಟೇಬಲ್ಲಿನ ಮೇಲಿದ್ದ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದ. ಅಯ್ಯೋ ದೇವರೇ, ಇದರಲ್ಲೂ ತಪ್ಪು ಕಂಡುಹಿಡಿಯುತ್ತಾನಾ ಇವನು!

“ನಾನು ಕಾಫಿ ಕುಡಿಯಲ್ಲ ಕಣ್ರೀ,” ಎಂದ.

“ಆಂ?”

“ನಮ್ಮನೇಲಿ ಯಾರೂ ಕುಡಿಯಲ್ಲ, ಎಲ್ಲರಿಗೂ ಹಾಲೇ. ನನಗೆ ಅದರ ವಾಸನೇನೇ ಆಗಲ್ಲ. ಕುಡಿದ್ರೆ ಸಂಜೆವರೆಗೂ ಹೊಟ್ಟೆ ಉರಿ.”

“ಮತ್ತೆ ಇಷ್ಟು ಭಾನುವಾರ?”

“ಹೋಟೆಲಿಗೆ ಬಂದು ಏನೂ ತಗೊಳ್ದೇ ಕೂತ್ರೆ ನಿಮ್ಮಪ್ಪ ಎಬ್ಬಿಸಿ ಕಳಿಸ್ತಾರೆ ಅಂತ ಭಯ.” ಅವನು ಕ್ಯಾಮೆರಾವನ್ನು ಪಕ್ಕದ ಟೇಬಲ್ಲಿನ ಮೇಲಿಟ್ಟು ನನ್ನ ಎದುರಿಗೆ ಬಂದು ಕೂತ. ಆ ಉದ್ದ ರೆಪ್ಪೆಯ ಕಣ್ಣು ಒದ್ದೆಯಾಗಿತ್ತು. ಟೇಬಲ್ಲಿನ ಮೇಲಿದ್ದ ನನ್ನ ಕೈಯನ್ನು, ಗ್ರೀಸ್ ಮೆತ್ತಿದ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. “ಜೀವನಪೂರ್ತಿ ಕುಡೀ ಅಂದ್ರೂ ಕುಡೀತೀನಿ ಪ್ರೇರಣಾ. ನೀನು ಎದುರಿಗೆ ಕೂತಿರಬೇಕು, ಅಷ್ಟೇ.”

ನಾನು ಅಳುತ್ತಲೇ ನಕ್ಕೆ. ಅವನ ಕೈ ಬಿಡದೆ ಅಡುಗೆಮನೆಯ ಕಡೆ ತಿರುಗಿ, ಇಡೀ ಕೀಲ್ಪಾಕಿಗೆ ಕೇಳುವ ಹಾಗೆ ಕೂಗಿದೆ, “ಅಣ್ಣಾ, ಒರು ಬಾದಾಂ ಪಾಲ್!”